ಅಂತಿಮ ಗೇರ್ ಅನುಪಾತ: ಸ್ಪೋರ್ಟ್ಸ್ ಕಾರಿಗೆ ಹ್ರಸ್ವ ಅನುಪಾತವನ್ನು ಆರಿಸುವ ಮುನ್ನ

ಹಿಂಚಕ್ರಗಳಿಂದ ಚಲಿಸುವ ಕಾರಿನಲ್ಲಿ ಎಂಜಿನ್ನಿನ ವೇಗ ಎರಡು ಹಂತಗಳಲ್ಲಿ ತಗ್ಗಿ ಚಕ್ರವನ್ನು ತಲುಪುತ್ತದೆ. ಮೊದಲ ಹಂತ ಚಾಲಕನ ಕೈಯಳವಿನಲ್ಲಿರುವ ಗೇರ್‌ಬಾಕ್ಸ್. ಎರಡನೆಯದು ಹಿಂದಿನ ಆಕ್ಸಲ್ಲಿನ ನಡುವೆ, ಡಿಫರೆನ್ಷಿಯಲ್ ಹೌಸಿಂಗಿನೊಳಗೆ ಎಣ್ಣೆಯಲ್ಲಿ ಮುಳುಗಿರುವ ಕ್ರೌನ್ ಮತ್ತು ಪಿನಿಯನ್ ಎಂಬ ದಂತಚಕ್ರಗಳ ಜೋಡಿ. ಕ್ರೌನಿನ ಹಲ್ಲುಗಳ ಸಂಖ್ಯೆಯನ್ನು ಪಿನಿಯನ್ನಿನ ಹಲ್ಲುಗಳ ಸಂಖ್ಯೆಯಿಂದ ಭಾಗಿಸಿದರೆ ದೊರೆಯುವುದೇ ಅಂತಿಮ ಗೇರ್ ಅನುಪಾತ. ಚಾಲಕನು ಯಾವ ಗೇರಿನಲ್ಲಿದ್ದರೂ ಈ ಅನುಪಾತ ಬದಲಾಗುವುದಿಲ್ಲ. ಎಲ್ಲ ಗೇರುಗಳನ್ನೂ ಅದು ಒಂದೇ ಪ್ರಮಾಣದಲ್ಲಿ ಗುಣಿಸುತ್ತದೆ.

ಹೆಸರಿನ ಗೊಂದಲವೊಂದನ್ನು ಇಲ್ಲಿಯೇ ಬಗೆಹರಿಸಿಕೊಳ್ಳಬೇಕು. 3.909ಕ್ಕಿಂತ 4.30 ದೊಡ್ಡ ಸಂಖ್ಯೆ. ಆದರೂ 4.30ನ್ನು ಹ್ರಸ್ವವೆಂದೂ 3.909ನ್ನು ದೀರ್ಘವೆಂದೂ ಕರೆಯುವುದು ವಾಡಿಕೆ. ಸ್ವರಗಳಲ್ಲಿ ಹ್ರಸ್ವ, ದೀರ್ಘಗಳನ್ನು ಉಚ್ಚಾರಣೆಯ ಕಾಲದಿಂದ ಅಳೆಯುವಂತೆ ಇಲ್ಲಿ ಅಳತೆಗೋಲು ದೂರ. ಎಂಜಿನ್ ಒಂದು ಸುತ್ತು ತಿರುಗುವಷ್ಟರಲ್ಲಿ ಕಾರು ಕ್ರಮಿಸುವ ದೂರ ಕಡಿಮೆಯಾದರೆ ಅದು ಹ್ರಸ್ವ, ಹೆಚ್ಚಾದರೆ ದೀರ್ಘ. ಮೊದಲ ಬಾರಿಗೆ ಬಿಡಿಭಾಗ ಕೊಳ್ಳಹೊರಟವರು ತಲೆಕೆಳಗಾಗಿ ಗ್ರಹಿಸುವುದು ಈ ಒಂದು ವಿಷಯವನ್ನೇ.

ಉದಾಹರಣೆಗೆ ಜಪಾನಿನ ಮಜ್ದಾ ಸಂಸ್ಥೆಯ ಎಂಎಕ್ಸ್-5 ಕಾರನ್ನು ತೆಗೆದುಕೊಳ್ಳೋಣ. ಅಮೆರಿಕದಲ್ಲಿ ಮಿಯಾಟಾ ಎಂಬ ಹೆಸರಿನಿಂದ ಪ್ರಸಿದ್ಧವಾದ ಈ ಪುಟ್ಟ ತೆರೆದ ಕಾರು 1989ರ ಫೆಬ್ರವರಿಯಲ್ಲಿ ಶಿಕಾಗೋ ವಾಹನ ಪ್ರದರ್ಶನದಲ್ಲಿ ಅನಾವರಣಗೊಂಡಿತು. (ನಮ್ಮ ಭಾಗದ ಓದುಗರಿಗೆ ಮಜ್ದಾ ಎಂದರೆ ನೆನಪಾಗುವುದು ಬಹುಶಃ ಸ್ವರಾಜ್ ಮಜ್ದಾ ಮಿನಿ ಬಸ್ಸು, ಹೆಸರಿನ ಮೂಲ ಒಂದೇ.) ಆರಂಭದ 1.6 ಲೀಟರ್ ಕಾರಿನಲ್ಲಿ ಅಂತಿಮ ಅನುಪಾತ 4.30 ಇತ್ತು. ಮುಂದೆ ಬಂದ 1.8 ಲೀಟರ್ ಕಾರಿಗೆ ಹೆಚ್ಚು ಗಟ್ಟಿಯಾದ ಡಿಫರೆನ್ಷಿಯಲ್ಲನ್ನೂ 4.10 ಅನುಪಾತವನ್ನೂ ನೀಡಲಾಯಿತು. ಎರಡನೆಯ ಪೀಳಿಗೆಯ ಐದು ಗೇರಿನ 1.8 ಲೀಟರ್ ಕಾರು ಅಮೆರಿಕದಲ್ಲಿ ಪುನಃ 4.30ನ್ನು ಪಡೆದರೆ, ಆರು ಗೇರಿನದು 3.909ನ್ನು ಪಡೆಯಿತು. ಹೀಗೆ ಕಾರ್ಖಾನೆಯ ಬಿಡಿಭಾಗಗಳಲ್ಲೇ ಹಲವು ಅನುಪಾತಗಳು ದೊರೆಯುವುದರಿಂದ, 4.10ರ ಒಡೆಯನಿಗೆ 4.30ರ ಆಸೆ ಹುಟ್ಟುವುದು ಸಹಜ.

ಆಸೆಗೆ ಆಧಾರವಿದೆ. 4.10ರಿಂದ 4.30ಕ್ಕೆ ಹೋದರೆ ಪ್ರತಿಯೊಂದು ಗೇರಿನಲ್ಲಿಯೂ ಚಕ್ರವನ್ನು ತಲುಪುವ ತಿರುಗುಬಲ, ಅಂದರೆ ಟಾರ್ಕ್, ಶೇಕಡಾ 4.9ರಷ್ಟು ಹೆಚ್ಚುತ್ತದೆ. 1994ರ ಅಮೆರಿಕನ್ ಮಾದರಿಯ 1.8 ಲೀಟರ್ ಎಂಜಿನ್ನಿನ ಗರಿಷ್ಠ ಟಾರ್ಕ್ ಸುಮಾರು 149 ನ್ಯೂಟನ್-ಮೀಟರ್. ಅದರ ಎರಡನೆಯ ಗೇರಿನ ಅನುಪಾತ 1.888. ಘರ್ಷಣೆಯ ನಷ್ಟವನ್ನು ಬದಿಗಿಟ್ಟು ಗುಣಿಸಿದರೆ, ಹಿಂಚಕ್ರಗಳಲ್ಲಿ ಒಟ್ಟು ಟಾರ್ಕ್ 4.10ರಲ್ಲಿ ಸುಮಾರು 1153, 4.30ರಲ್ಲಿ ಸುಮಾರು 1210 ನ್ಯೂಟನ್-ಮೀಟರ್. ತಿರುವಿನಿಂದ ಹೊರಬರುವಾಗ ಈ ವ್ಯತ್ಯಾಸ ಕಾಲಿಗೆ ತಿಳಿಯುತ್ತದೆ. ಆದರೆ ಎಂಜಿನ್ನಿನ ಶಕ್ತಿ ಒಂದಿಷ್ಟೂ ಹೆಚ್ಚಿಲ್ಲ. ಬಲದಲ್ಲಿ ಗಳಿಸಿದ್ದನ್ನು ವೇಗದಲ್ಲಿ ತೆರಬೇಕು. ಆ ತೆರಿಗೆ ಎಲ್ಲಿ ಬೀಳುತ್ತದೆ ಎಂಬುದೇ ಆಯ್ಕೆಯ ತಿರುಳು.

ಇದೇ ಕಾರಿನ ಮೂಲ ಟೈರು 185/60 ಆರ್14. ಅದರ ವ್ಯಾಸ ಸುಮಾರು 578 ಮಿಲಿಮೀಟರ್, ಸುತ್ತಳತೆ ಸುಮಾರು 1.815 ಮೀಟರ್. ಎಂಜಿನ್ನನ್ನು ನಿಮಿಷಕ್ಕೆ 7000 ಸುತ್ತಿನವರೆಗೆ ಏರಿಸಿದರೆ ಎರಡನೆಯ ಗೇರಿನಲ್ಲಿ ತಲುಪಬಹುದಾದ ವೇಗ 4.10ರಲ್ಲಿ ಗಂಟೆಗೆ 98.5 ಕಿಲೋಮೀಟರ್, 4.30ರಲ್ಲಿ 94. ಹ್ರಸ್ವ ಅನುಪಾತದ ಕಾರು 94ರಲ್ಲಿಯೇ ಮೂರನೆಯ ಗೇರಿಗೆ ಹೋಗಬೇಕಾಗುತ್ತದೆ; ಮೂಲ ಕಾರು ಇನ್ನೂ ಎರಡನೆಯದರಲ್ಲಿಯೇ ಎಳೆಯುತ್ತಿರುತ್ತದೆ. ಈ ನಾಲ್ಕೈದು ಕಿಲೋಮೀಟರಿನ ಅಂತರದಲ್ಲಿ ಒಟ್ಟು ಅನುಪಾತ ಮೂಲ ಕಾರಿನಲ್ಲಿ 7.74 ಇದ್ದರೆ, ಬದಲಾಯಿಸಿದ ಕಾರಿನಲ್ಲಿ ಕೇವಲ 5.72. ಅಂದರೆ ಶೇಕಡಾ 5ರಷ್ಟು ಮುಂದಿದ್ದ ಕಾರು ಆ ತುಣುಕಿನಲ್ಲಿ ಶೇಕಡಾ 26ರಷ್ಟು ಹಿಂದಕ್ಕೆ ಬೀಳುತ್ತದೆ. ಎಂಜಿನ್ ತುದಿಯ ವೇಗದಲ್ಲಿ ಕೊಂಚ ಸೊರಗುವುದರಿಂದ ನಿಜವಾದ ಅಂತರ ಇಷ್ಟು ಇರದಿದ್ದರೂ ನಷ್ಟವಂತೂ ನಷ್ಟವೇ. 3.909 ಹಾಕಿದರೆ ಅದೇ ಎರಡನೆಯ ಗೇರು 103ರವರೆಗೆ ನಡೆಯುತ್ತದೆ. ಸೊನ್ನೆಯಿಂದ ನೂರಕ್ಕೆ ಏರುವ ಕಾಲವನ್ನು ಮಾತ್ರ ಅಳೆಯುವವರಿಗೆ, ಒಂದು ಗೇರ್ ಬದಲಾವಣೆ ಉಳಿಯುವ ಕಾರಣ, ದೀರ್ಘ ಅನುಪಾತವೇ ಮೇಲೆನಿಸಲೂಬಹುದು.

ಇನ್ನೊಂದು ತಪ್ಪು ನಿರೀಕ್ಷೆಯಿದೆ. ತಾಳವಾಡಿಯ ಕಡೆಯವರು ದಿಂಬಂ ಘಟ್ಟದ 27 ಹಿಮ್ಮುರಿ ತಿರುವುಗಳಲ್ಲಿ ಭಾರ ಹೊತ್ತ ಲಾರಿಗಳು ಏರುವುದನ್ನು ಕೇಳಿರುತ್ತಾರೆ: ಮೇಲಿನ ಗೇರಿಗೆ ಹಾಕಿದರೆ ಎಂಜಿನ್ ಏದುತ್ತದೆ, ಕೆಳಗಿನದರಲ್ಲಿ ಚೀರುತ್ತದೆ. ಎರಡು ಗೇರುಗಳ ನಡುವಿನ ಈ ಕಂದಕವನ್ನು ಅಂತಿಮ ಅನುಪಾತ ಮುಚ್ಚಲಾರದು. ಎಂಎಕ್ಸ್-5ರಲ್ಲಿ 7000 ಸುತ್ತಿನಲ್ಲಿ ಎರಡರಿಂದ ಮೂರಕ್ಕೆ ಬದಲಿಸಿದರೆ ಎಂಜಿನ್ ಸುಮಾರು 4930ಕ್ಕೆ ಇಳಿಯುತ್ತದೆ, ಹಿಂದೆ 3.909 ಇರಲಿ, 4.30 ಇರಲಿ, ಇಳಿತ ಅಷ್ಟೇ. ಕಂದಕವು ರಸ್ತೆಯ ಬೇರೊಂದು ವೇಗಕ್ಕೆ ಸರಿಯುತ್ತದೆ, ಕಿರಿದಾಗುವುದಿಲ್ಲ. ಅದನ್ನು ಕಿರಿದಾಗಿಸಲು ಗೇರ್‌ಬಾಕ್ಸಿನ ಒಳಗಿನ ಚಕ್ರಗಳನ್ನೇ ಬದಲಿಸಬೇಕು. ಯಾವುದೋ ಒಂದು ಓಟದ ಮೈದಾನದಲ್ಲಿ, ಅತಿಮುಖ್ಯವಾದ ತಿರುವಿನಲ್ಲಿ, ಎಂಜಿನ್ ಪ್ರತಿಸಲವೂ ಸೊರಗಿದ ವೇಗದಲ್ಲಿಯೇ ಸಿಕ್ಕಿಬೀಳುತ್ತಿದ್ದರೆ ಮಾತ್ರ ಕಂದಕವನ್ನು ಸರಿಸುವುದು ಸಾರ್ಥಕ. ಅಂಥ ಮೈದಾನದ ಅತ್ಯಂತ ಉದ್ದದ ನೇರ ಹಾದಿಯ ಕೊನೆಯಲ್ಲಿ ಮೇಲಿನ ಗೇರಿನ ಸುತ್ತುಗಳು ಮುಗಿಯದೆ ಉಳಿದಿವೆಯೇ ಎಂಬುದನ್ನೂ ನೋಡಬೇಕು. ಉಳಿದಿದ್ದರೆ ಹ್ರಸ್ವಕ್ಕೆ ಎಡೆಯುಂಟು.

ಹೆದ್ದಾರಿಯ ಲೆಕ್ಕ ಸರಳ. ಐದನೆಯ ಗೇರಿನಲ್ಲಿ (0.814) ಗಂಟೆಗೆ 100 ಕಿಲೋಮೀಟರ್ ವೇಗಕ್ಕೆ ಎಂಜಿನ್ 4.10ರಲ್ಲಿ ಸುಮಾರು 3065, 4.30ರಲ್ಲಿ ಸುಮಾರು 3215 ಸುತ್ತು ತಿರುಗಬೇಕು. ಸದ್ದೂ ಪೆಟ್ರೋಲ್ ಖರ್ಚೂ ಸ್ವಲ್ಪ ಏರುತ್ತವೆ.

ಟೈರನ್ನು ಮರೆಯುವಂತಿಲ್ಲ, ಏಕೆಂದರೆ ಅದೂ ಒಂದು ಗೇರೇ. ಅಂದಕ್ಕೆಂದು 195/55 ಆರ್15 ಹಾಕಿಸಿದರೆ ವ್ಯಾಸ ಸುಮಾರು ಶೇಕಡಾ 3 ಹೆಚ್ಚುತ್ತದೆ. ಆಗ ಹಣ ಸುರಿದು ಹಾಕಿಸಿದ 4.30ರ ಫಲ ಸುಮಾರು 4.17ಕ್ಕೆ ಕುಗ್ಗಿರುತ್ತದೆ. 195/50 ಆರ್15ರ ವ್ಯಾಸ ಮೂಲ ಟೈರಿನದಕ್ಕೆ ಬಹುತೇಕ ಸಮ. ಅದರಿಂದ ಲೆಕ್ಕ ಕೆಡುವುದಿಲ್ಲ.

ಅನುಪಾತ ಬದಲಿಸುವ ಕೆಲಸ ಬೋಲ್ಟು ಬಿಚ್ಚಿ ಬಿಗಿಯುವಷ್ಟು ಸುಲಭವಲ್ಲ. ಕ್ರೌನ್ ಮತ್ತು ಪಿನಿಯನ್ನುಗಳನ್ನು ಕಾರ್ಖಾನೆಯಲ್ಲಿ ಒಂದಕ್ಕೊಂದು ಉಜ್ಜಿ ಜೋಡಿಯಾಗಿಯೇ ಸಿದ್ಧಪಡಿಸಿರುತ್ತಾರೆ. ಒಂದು ಜೋಡಿಯ ಕ್ರೌನಿಗೆ ಮತ್ತೊಂದು ಜೋಡಿಯ ಪಿನಿಯನ್ ಸೇರಿಸಬಾರದು. ಪಿನಿಯನ್ನಿನ ಆಳವನ್ನು ಶಿಮ್‌ಗಳಿಂದ ಹೊಂದಿಸಿ, ಬೇರಿಂಗುಗಳಿಗೆ ತಕ್ಕ ಬಿಗುವು ಕೊಟ್ಟು, ಹಲ್ಲುಗಳ ನಡುವಿನ ಪ್ಲೇ ಎಷ್ಟೆಂದು ಡಯಲ್ ಗೇಜಿನಿಂದ ಅಳೆಯಬೇಕು. ಬಳಿಕ ಹಲ್ಲುಗಳಿಗೆ ಬಣ್ಣದ ಲೇಪ ಹಚ್ಚಿ ತಿರುಗಿಸಿ, ಸ್ಪರ್ಶದ ಗುರುತು ಹಲ್ಲಿನ ನಡುಭಾಗದಲ್ಲಿ ಮೂಡುವುದೇ ಎಂದು ಪರೀಕ್ಷಿಸಬೇಕು. ಇದರಲ್ಲಿ ಉದಾಸೀನ ಮಾಡಿದ ಡಿಫರೆನ್ಷಿಯಲ್ ಮೊದಲು ಗುಂಯ್‌ಗುಡುತ್ತದೆ, ಆಮೇಲೆ ಹಲ್ಲು ಸವೆಸುತ್ತದೆ. ಅನುಭವಿ ಕೈ ದೊರೆಯದಿದ್ದಲ್ಲಿ ಬೇಕಾದ ಅನುಪಾತದ ಡಿಫರೆನ್ಷಿಯಲ್ಲನ್ನು ಇಡಿಯಾಗಿ ತಂದು ಕೂರಿಸುವುದು ಲೇಸು. 1.6 ಲೀಟರ್ ಕಾರಿನ 4.30 ಜೋಡಿ 1.8ರ ಹೌಸಿಂಗಿಗೆ ಕೂರುವುದಿಲ್ಲ. ಅದರ ಕ್ರೌನ್ ಗಾತ್ರದಲ್ಲಿ ಚಿಕ್ಕದು. ಎರಡನೆಯ ಪೀಳಿಗೆಯ 1.8ರ ಜೋಡಿಯನ್ನು ಹುಡುಕಬೇಕು.

ವೇಗಮಾಪಕವೂ ತಪ್ಪುತ್ತದೆ. ಮೊದಲ ಪೀಳಿಗೆಯ ಕಾರಿನಲ್ಲಿ ಅದರ ಕೇಬಲ್ ಗೇರ್‌ಬಾಕ್ಸಿನ ಹಿಂಬದಿಯಿಂದ, ಅಂದರೆ ಅಂತಿಮ ಅನುಪಾತಕ್ಕೆ ಮೊದಲೇ, ಹೊರಡುತ್ತದೆ. 4.10ರ ಜಾಗದಲ್ಲಿ 4.30 ಹಾಕಿದ ಮೇಲೆ ಮುಳ್ಳಿನ ಓದು ಮೊದಲಿಗಿಂತ ಹೆಚ್ಚುತ್ತದೆ: ಮೊದಲು ಅದು ಸರಿಯಾಗಿಯೇ ತೋರಿಸುತ್ತಿದ್ದರೆ, ಈಗ 100 ತೋರಿಸುವಾಗ ಕಾರು 95ರಲ್ಲಿರುತ್ತದೆ. ದೂರಮಾಪಕವೂ ಅಷ್ಟೇ ಪ್ರಮಾಣದಲ್ಲಿ ಹೆಚ್ಚು ಎಣಿಸುತ್ತದೆ. ಕೇಬಲ್ಲನ್ನು ತಿರುಗಿಸುವ ಪುಟ್ಟ ಗೇರನ್ನು ಬದಲಿಸಿ ಇದನ್ನು ಸರಿಪಡಿಸಿಕೊಳ್ಳಬೇಕು.

ಹಳೆಯ ಕಾರಿನಲ್ಲಿ ಈಗ ಯಾವ ಅನುಪಾತವಿದೆ ಎಂಬುದನ್ನು ಮಾರುವವನ ಬಾಯಿಂದ ಕೇಳುವುದಕ್ಕಿಂತ ಎಣಿಸಿ ತಿಳಿಯುವುದು ಮೇಲು. ಅನುಪಾತ ಮತ್ತು ಸಮಾನುಪಾತದ ಪಾಠ ಓದಿದ ಮಕ್ಕಳು ಈ ಎಣಿಕೆಯನ್ನು ಸುಲಭವಾಗಿ ಮಾಡಬಲ್ಲರು. ಕಾರನ್ನು ಎತ್ತುವ ಕೆಲಸ ಮಾತ್ರ ದೊಡ್ಡವರದು. ಮುಂಚಕ್ರಗಳಿಗೆ ಅಡ್ಡೆ ಕೊಟ್ಟು, ಹಿಂಭಾಗವನ್ನು ಜಾಕಿನ ಮೇಲಲ್ಲ, ಭದ್ರವಾದ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ, ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು ಹ್ಯಾಂಡ್‌ಬ್ರೇಕ್ ಬಿಡಬೇಕು. ಪ್ರೊಪೆಲ್ಲರ್ ಶಾಫ್ಟಿಗೆ ಸೀಮೆಸುಣ್ಣದ ಗುರುತು ಹಾಕಿ, ಎರಡೂ ಹಿಂಚಕ್ರಗಳನ್ನು ಒಂದೇ ದಿಕ್ಕಿಗೆ ಸಮನಾಗಿ ಹತ್ತು ಸುತ್ತು ತಿರುಗಿಸಿದಾಗ ಶಾಫ್ಟು 41 ಸುತ್ತು ತಿರುಗಿದರೆ ಅನುಪಾತ 4.10, 43 ತಿರುಗಿದರೆ 4.30, 39ಕ್ಕೆ ಕೂದಲೆಳೆಯಷ್ಟು ಮೇಲಿದ್ದರೆ 3.909. ಸಾಧಾರಣ ಡಿಫರೆನ್ಷಿಯಲ್ ಆಗಿದ್ದು ಒಂದು ಚಕ್ರವನ್ನು ಅಲುಗದಂತೆ ಹಿಡಿದುಕೊಂಡರೆ, ಇನ್ನೊಂದನ್ನು ಹತ್ತರ ಬದಲು ಇಪ್ಪತ್ತು ಸುತ್ತು ತಿರುಗಿಸಬೇಕು.