ಹೊಸದುರ್ಗ, ಪುದಿಯಕೋಟ್ಟ

ಬ್ಯಾಂಕಿನ ಗುಮಾಸ್ತನಿಗೆ ಎರಡನೆಯ ಶನಿವಾರವೆಂದರೆ ಸಣ್ಣ ಹಬ್ಬ. ಕಳೆದ ಡಿಸೆಂಬರಿನ ಅಂತಹ ಒಂದು ಶನಿವಾರ, ಹೆಂಡತಿ ಮತ್ತು ಒಂಬತ್ತನೆಯ ತರಗತಿಯ ಮಗಳೊಡನೆ ನಮ್ಮ ಹಳೆಯ ಕಾರಿನಲ್ಲಿ ಕುಂಬಳೆಯಿಂದ ತೆಂಕು ದಿಕ್ಕಿಗೆ ಹೊರಟೆ. ಕಡಲ ಕರೆ ಹಿಡಿದು ಹೊಸದುರ್ಗ ಸೇರುವುದು, ಮರುದಿನ ರಾಣಿಪುರಂ ಬೆಟ್ಟ ಹತ್ತುವುದು ಎಂದು ಯೋಜನೆ. ಮಗಳಿಗೆ ಬೇಕಿದ್ದುದು ಮರಳು ಮತ್ತು ಬೆಟ್ಟ, ನನಗೆ ಕೋಟೆಗಳು. ಮನೆಯಲ್ಲಿ ಕನ್ನಡ ಆಡುವ ಈ ಹುಡುಗಿ ಕನ್ನಡ ಓದುವಾಗ ಅಕ್ಷರಕ್ಕೊಮ್ಮೆ ನಿಲ್ಲುತ್ತಾಳೆ. ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸಿದವನು ನಾನೇ, ಆದ್ದರಿಂದ ಬೇರೆಯವರನ್ನು ದೂರುವಂತಿಲ್ಲ. ಕೋಟೆಗಳನ್ನಾದರೂ ತೋರಿಸಿ, ‘ನೋಡು, ಇವು ನಮ್ಮವರು ಕಟ್ಟಿದ್ದು’ ಎನ್ನಬೇಕೆಂದಿದ್ದೆ.

ಕಾಸರಗೋಡು ದಾಟಿದೊಡನೆ ಚಂದ್ರಗಿರಿ ಸೇತುವೆ. ತುಳುನಾಡಿಗೂ ಮಲಯಾಳಕ್ಕೂ ಗಡಿಯೆಂದು ಹಿರಿಯರು ಹೇಳುತ್ತಿದ್ದ ಹೊಳೆ ಇದು. 1967ರಲ್ಲಿ ಮಹಾಜನ ಆಯೋಗ ಗೆರೆ ಎಳೆದದ್ದೂ ಇಲ್ಲಿಯೇ. ಉತ್ತರದ ಭಾಗ ಮೈಸೂರಿಗೆ ಸೇರಲೆಂದಿತು, ಸೇರಲಿಲ್ಲ. ಆ ಕತೆ ನಮ್ಮ ಓದುಗರಿಗೆ ಹೊಸತಲ್ಲ. ಸೇತುವೆಯ ಆಚೆ ದಡದ ಗುಡ್ಡದ ಮೇಲೆ ಹದಿನೇಳನೆಯ ಶತಮಾನದ ಚಂದ್ರಗಿರಿ ಕೋಟೆ ಇದೆ. ಹತ್ತಿ ನೋಡಿದರೆ ಹೊಳೆ ಕಡಲಿಗೆ ಸೇರುವ ಅಳಿವೆ ಕಾಣುತ್ತದೆ.

ಮಧ್ಯಾಹ್ನಕ್ಕೆ ಬೇಕಲ. 1995ರ ‘ಬಾಂಬೆ’ ಸಿನಿಮಾದ ಹಾಡೊಂದನ್ನು ಇಲ್ಲಿ ಚಿತ್ರೀಕರಿಸಿದ ಮೇಲೆ ಈ ಕೋಟೆಯನ್ನು ಎಲ್ಲರೂ ಬಲ್ಲರು. 1645ರಿಂದ 1660ರವರೆಗೆ ಆಳಿದ ಕೆಳದಿಯ ಶಿವಪ್ಪ ನಾಯಕ ಇದನ್ನು ಕಟ್ಟಿಸಿದ. ಮುರಕಲ್ಲಿನ ಗೋಡೆ, ಬುಡಕ್ಕೆ ಬಡಿಯುವ ತೆರೆ, ಸೊಟ್ಟಗೆ ತಿರುಗಿ ಒಳಹೋಗುವ ಬಾಗಿಲು. ಗೋಡೆಯಲ್ಲಿ ಕೋವಿ ಹಾರಿಸುವ ಕಿಂಡಿಗಳು ಮೇಲೆ, ನಡುವೆ, ಕೆಳಗೆ ಇವೆ. ಮೇಲಿನದು ದೂರದ ವೈರಿಗೆ, ಕೆಳಗಿನದು ಗೋಡೆಯ ಹತ್ತಿರ ಬಂದವನಿಗೆ. ಮಗಳು ಒಂದೊಂದಕ್ಕೂ ಕಣ್ಣಿಟ್ಟು ನೋಡಿ, “ಅಪ್ಪಾ, ಅರಮನೆ ಎಲ್ಲಿ?” ಎಂದಳು. ಅರಮನೆ ಇಲ್ಲ. ನಡುವೆ ಎತ್ತರದ ವೀಕ್ಷಣಾ ಬುರುಜು, ಮದ್ದಿನ ಮನೆ, ಮೆಟ್ಟಿಲಿರುವ ಕೆರೆ, ಅಷ್ಟೆ. “ಹಾಗಾದರೆ ಯಾರಿಗಾಗಿ ಕಟ್ಟಿದ್ದು?”

‘ನಮ್ಮವರು’ ಎಂಬ ನನ್ನ ಸಿದ್ಧ ಮಾತು ಅಲ್ಲಿ ತಡವರಿಸಿತು. ಕೆಳದಿಯವರು ಕನ್ನಡದ ಮೇಲಿನ ಪ್ರೀತಿಯಿಂದ ಇಲ್ಲಿಗೆ ಬಂದವರಲ್ಲ. ಅಕ್ಕಿ, ಕಾಳುಮೆಣಸು ಸಾಗುವ ಕಡಲ ಕರೆ ಅವರಿಗೆ ಬೇಕಿತ್ತು. ಇಲ್ಲಿನ ಅರಸರಿಗೆ ಅವರು ಹೊರಗಿನವರೇ. 1763ರಲ್ಲಿ ಬಿದನೂರು ಹೈದರನ ಕೈಸೇರಿದಾಗ ಕೆಳದಿಯ ಆಳ್ವಿಕೆ ಮುಗಿಯಿತು. 1799ರಲ್ಲಿ ಟಿಪ್ಪು ಮಡಿದ ಮೇಲೆ ಇಂಗ್ಲಿಷರು ಬಂದರು. ಆದರೆ ಕೋಟೆಯ ಕಾವಲಿಗೆಂದು ಬಂದ ರಾಮಕ್ಷತ್ರಿಯ ಮನೆತನಗಳು ಹಿಂತಿರುಗದೆ ಬೇಕಲ, ಹೊಸದುರ್ಗಗಳಲ್ಲಿಯೇ ನೆಲೆಸಿದವು. ಬಾಗಿಲ ಬಳಿಯ ಮುಖ್ಯಪ್ರಾಣನ ಗುಡಿಯಲ್ಲಿ ಇಂದಿಗೂ ದೀಪ ಉರಿಯುತ್ತದೆ. ಸ್ವಲ್ಪ ದೂರದಲ್ಲಿ ಟಿಪ್ಪುವಿನ ಕಾಲದ್ದೆನ್ನುವ ಮಸೀದಿ. ಇಷ್ಟನ್ನು ಹೇಳಿದೆ. ಅವಳು ತಲೆಯಾಡಿಸಿ ಮರಳಿಗೆ ಓಡಿದಳು.

ಸಂಜೆ ಕಾಞಂಗಾಡು. ವಸತಿ ಹುಡುಕುತ್ತಾ ಪೇಟೆಯಲ್ಲಿ ಸುತ್ತುವಾಗ ಮಗಳು ಮಲಯಾಳದ ಫಲಕವೊಂದನ್ನು ಓದಿದಳು: “ಪುದಿಯಕೋಟ್ಟ.” ಅರೆಗಳಿಗೆ ಬಿಟ್ಟು, “ಅಪ್ಪಾ, ಪುದಿಯ ಎಂದರೆ ಹೊಸ, ಕೋಟ್ಟ ಎಂದರೆ ದುರ್ಗ. ಇದು ಹೊಸದುರ್ಗವೇ ಅಲ್ಲವೇ?” ಎಂದಳು.

ನಾನು ಕಾರು ನಿಲ್ಲಿಸಿದೆ. ಎಷ್ಟೋ ಸಲ ಬ್ಯಾಂಕಿನ ಕೆಲಸಕ್ಕೆ ಈ ಊರಿಗೆ ಬಂದಿದ್ದೇನೆ. ಎಷ್ಟೋ ಖಾತೆಗಳ ವಿಳಾಸದಲ್ಲಿ ‘ಹೊಸ್ದುರ್ಗ್’ ಎಂದು ಬರೆದಿದ್ದೇನೆ. ಕನ್ನಡದ ಹೆಸರು ಮಾಸಿಹೋಯಿತೆಂದು ಮರುಗಿದವನಿಗೆ, ಅದೇ ಹೆಸರು ಮಲಯಾಳದಲ್ಲಿ ಅರ್ಥಗೆಡದೆ ಪಕ್ಕದಲ್ಲಿ ನಿಂತದ್ದು ಕಂಡಿರಲಿಲ್ಲ. ಕೋಟೆಯನ್ನು ಕಟ್ಟಿಸಿದವನು ಕೆಳದಿಯ ಸೋಮಶೇಖರ ನಾಯಕ. ಕೇರಳ ರಾಜ್ಯವಾದ ಬಳಿಕ 1957ರಲ್ಲಿ ಕಾಸರಗೋಡು ತಾಲೂಕನ್ನು ಒಡೆದಾಗ ಹೊಸ ತಾಲೂಕಿಗೆ ಇಟ್ಟದ್ದೂ ಹೊಸದುರ್ಗವೆಂಬ ಹೆಸರನ್ನೇ. ನಮ್ಮ ಹಳಗನ್ನಡದಲ್ಲಿ ‘ಪೊಸ’, ತುಳುವಿನಲ್ಲಿ ಇಂದಿಗೂ ‘ಪೊಸ’, ಮಲಯಾಳದಲ್ಲಿ ‘ಪುದು’. ನಮ್ಮ ಪೈವಳಿಕೆಯ ಕಡೆಯ ಪೊಸಡಿಗುಂಪೆ ಬೆಟ್ಟದ ಹೆಸರನ್ನು ಅವಳೇ ನೆನಪಿಸಿ, ಅದರಲ್ಲಿಯೂ ‘ಪೊಸ’ ಇದೆಯಲ್ಲ ಎಂದು ಕೇಳಿದಳು.

ಮರುದಿನ ಪಾಣತ್ತೂರಿನ ದಾರಿಯಾಗಿ ರಾಣಿಪುರಂ. ಈ ಬೆಟ್ಟದ ಹಳೆಯ ಹೆಸರು ಮಡತ್ತುಮಲ. 1970ರಲ್ಲಿ ಕೋಟ್ಟಯಂನ ಕ್ರೈಸ್ತ ಧರ್ಮಪ್ರಾಂತದವರು ಇಲ್ಲಿ ಜನರನ್ನು ನೆಲೆಗೊಳಿಸಿದಾಗ ರಾಣಿಪುರಂ ಎಂದಾಯಿತು. ಕಾಡಿನ ನೆರಳಿನಲ್ಲಿ ಏರುವ ಕಾಲುದಾರಿ ಒಮ್ಮೆಲೇ ಹುಲ್ಲುಗಾವಲಿಗೆ ತೆರೆದುಕೊಳ್ಳುತ್ತದೆ. ಮಗಳು ಮುಂದೆ, ನಾನು ಏದುಸಿರು ಬಿಡುತ್ತಾ ಹಿಂದೆ. ಹೆಂಡತಿ ಅರ್ಧದಲ್ಲಿ ಕಲ್ಲೊಂದರ ಮೇಲೆ ಕುಳಿತು, ಬರುವಾಗ ಕರೆಯಿರೆಂದಳು. ಮೇಲೆ ನಿಂತರೆ ಮೂಡಲಿಗೆ ಕೊಡಗಿನ ಬೆಟ್ಟಸಾಲು. ನಿನ್ನೆ ದಾಟಿದ ಚಂದ್ರಗಿರಿ ಹೊಳೆಯ ಹುಟ್ಟು ಕೊಡಗಿನಲ್ಲಿ ಎಂದೆ. “ಮಲ ಎಂದರೆ ಮಲೆ. ಮಲೆನಾಡಿನ ಮಲೆ,” ಎಂದಳು ಅವಳು, ನಾನು ಕೇಳದೆಯೇ.

ಮನೆ ಸೇರುವಾಗ ರಾತ್ರಿ ಒಂಬತ್ತು. ನನ್ನ ಮೊಣಕಾಲಿಗೆ ಎಣ್ಣೆ ಹಚ್ಚುತ್ತಿದ್ದಾಗ ಮಗಳು ಒಂದು ಕಾಗದ ತಂದಳು. ಪುದಿಯಕೋಟ್ಟ ಎಂದು ಮಲಯಾಳದಲ್ಲಿ ಸರಾಗವಾಗಿ ಬರೆದಿದ್ದಳು. ಅದರ ಕೆಳಗೆ ಕನ್ನಡದಲ್ಲಿ ‘ಹೊಸದು’ ಎಂದು ಬರೆದು ಪೆನ್ನು ನಿಲ್ಲಿಸಿದ್ದಳು. ‘ರ್ಗ’ ಹೇಗೆಂದು ಕೇಳಿದಳು. ಬರೆದು ತೋರಿಸಿದೆ.