ಹೊರಗಿನ ಕಟ್ಟಳೆ, ಒಳಗಿನ ನಿಗ್ರಹ



ಕಾಯಕವು ಶುದ್ಧವಾಗಿರಬೇಕು, ಅಂತರಂಗ ಬಹಿರಂಗಗಳು ಒಂದಾಗಿರಬೇಕು ಎಂಬುದು ಹನ್ನೆರಡನೆಯ ಶತಮಾನದ ಶರಣರ ಆಶಯ. ಗಣಕಯಂತ್ರಕ್ಕೆ ತಂತ್ರಾಂಶ ಬರೆಯುವುದೂ ಇಂದು ಒಂದು ಕಾಯಕವಾಗಿದೆ. ಶ್ರೀಮಠದ ಪ್ರಸಾದನಿಲಯದಲ್ಲಿ ಓದಿದ ಅನೇಕ ತರುಣರು ಅದನ್ನು ಕೈಗೊಂಡಿದ್ದಾರೆ. ಈ ಕಾಯಕಕ್ಕೆ ಕಾನೂನಿನ ಕಟ್ಟಳೆಯೊಂದೇ ಸಾಕೆ, ಮಾಡುವವನ ಆತ್ಮನಿಗ್ರಹವೂ ಬೇಕೆ ಎಂಬ ಪ್ರಶ್ನೆಗೆ ಇತಿಹಾಸದ ಎರಡು ಪ್ರಸಂಗಗಳು ಉತ್ತರ ಕೊಡುತ್ತವೆ.

ಮೊದಲನೆಯದು 'ಥೆರಾಕ್-25' ಎಂಬ ಯಂತ್ರದ್ದು. ಕ್ಯಾನ್ಸರ್ ರೋಗಿಗಳಿಗೆ ವಿಕಿರಣ ಚಿಕಿತ್ಸೆ ನೀಡುವ ಇದನ್ನು ಕೆನಡಾದ ಸರ್ಕಾರಿ ಸಂಸ್ಥೆಯಾದ ಅಟಾಮಿಕ್ ಎನರ್ಜಿ ಆಫ್ ಕೆನಡಾ ಲಿಮಿಟೆಡ್ ತಯಾರಿಸಿತು. ಹಿಂದಿನ ಥೆರಾಕ್-20ರಲ್ಲಿ ವಿಕಿರಣವು ಮಿತಿಮೀರದಂತೆ ತಡೆಯುವ ಸ್ವತಂತ್ರ ವಿದ್ಯುತ್ ಹಾಗೂ ಯಾಂತ್ರಿಕ ಏರ್ಪಾಡುಗಳಿದ್ದವು. ಹೊಸ ಯಂತ್ರದಲ್ಲಿ ಆ ಹೊಣೆಯ ಬಹುಭಾಗವನ್ನು ತಂತ್ರಾಂಶಕ್ಕೆ ವಹಿಸಲಾಯಿತು. 1985ರ ಜೂನ್‌ನಿಂದ 1987ರ ಜನವರಿಯವರೆಗೆ ಅಮೆರಿಕ, ಕೆನಡಾಗಳಲ್ಲಿ ಆರು ಮಂದಿ ರೋಗಿಗಳು ವಿಪರೀತ ವಿಕಿರಣಕ್ಕೆ ತುತ್ತಾದರು. ಅವರಲ್ಲಿ ಕೆಲವರು ಪ್ರಾಣ ತೆತ್ತರು. ಹಾಗಾಗುವುದು ಅಸಾಧ್ಯವೆಂಬುದೇ ಮೊದಮೊದಲು ತಯಾರಕರ ಉತ್ತರವಾಗಿತ್ತು.

1986ರಲ್ಲಿ ಟೆಕ್ಸಾಸ್‌ನ ಟೈಲರ್ ನಗರದ ಆಸ್ಪತ್ರೆಯ ಭೌತವಿಜ್ಞಾನಿ ಫ್ರಿಟ್ಜ್ ಹೇಗರ್ ಅವರು ಯಂತ್ರ ನಡೆಸುವವರೊಡನೆ ಕುಳಿತು, ಮತ್ತೆ ಮತ್ತೆ ಪರೀಕ್ಷಿಸಿ ದೋಷವನ್ನು ಕಂಡುಹಿಡಿದರು. ತಪ್ಪಾಗಿ ಒತ್ತಿದ ಆದೇಶವನ್ನು ಸುಮಾರು ಎಂಟು ಸೆಕೆಂಡುಗಳೊಳಗೆ ತಿದ್ದಿದರೆ, ತಿದ್ದುಪಡಿಯು ಪರದೆಯ ಮೇಲೆ ಕಾಣುತ್ತಿತ್ತು; ಯಂತ್ರಕ್ಕೆ ಪೂರ್ತಿಯಾಗಿ ತಲುಪುತ್ತಿರಲಿಲ್ಲ. ಅಂಥದೇ ದೋಷ ಥೆರಾಕ್-20ರಲ್ಲಿಯೂ ಇದ್ದಿತು. ಅಲ್ಲಿನ ಯಾಂತ್ರಿಕ ತಡೆಗಳು ರೋಗಿಗಳನ್ನು ಕಾಪಾಡಿದ್ದವು. 1983ರ ಸುರಕ್ಷತಾ ವಿಶ್ಲೇಷಣೆಯಲ್ಲಿ ತಂತ್ರಾಂಶದ ದೋಷಗಳನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ವೈದ್ಯಕೀಯ ತಂತ್ರಾಂಶದ ರಚನಾಕ್ರಮವನ್ನು ಕುರಿತ 'ಐಇಸಿ 62304' ಎಂಬ ಅಂತರರಾಷ್ಟ್ರೀಯ ಮಾನಕ ಬಂದದ್ದು 2006ರಲ್ಲಿ. ಅದಿಲ್ಲದ ಕಾಲದಲ್ಲಿ, ತನ್ನ ಕೆಲಸವನ್ನು ತಾನೇ ಶಂಕಿಸುವ ಎಚ್ಚರವು ರೋಗಿಗೆ ರಕ್ಷೆಯಾಗಬೇಕಿತ್ತು.

ಹಾಗಾದರೆ ಕಟ್ಟಳೆ ಇದ್ದುಬಿಟ್ಟರೆ ಸಾಕೆ? ಎರಡನೆಯ ಪ್ರಸಂಗವನ್ನು ನೋಡಿರಿ. ಅಮೆರಿಕದಲ್ಲಿ ವಾಹನಗಳ ಹೊಗೆಗೆ ಮಿತಿ ಹಾಕುವ ಕಾನೂನು ಸ್ಪಷ್ಟವಾಗಿಯೇ ಇತ್ತು. ಆದರೆ ಜರ್ಮನಿಯ ಫೋಕ್ಸ್‌ವ್ಯಾಗನ್ ಕಂಪನಿಯ ಡೀಸೆಲ್ ಕಾರುಗಳ ತಂತ್ರಾಂಶವು ಪರೀಕ್ಷೆ ನಡೆಯುತ್ತಿರುವುದನ್ನು ಗುರುತಿಸಿ, ಆಗ ಮಾತ್ರ ಹೊಗೆಯನ್ನು ಪೂರ್ಣವಾಗಿ ಹತೋಟಿಯಲ್ಲಿಡುತ್ತಿತ್ತು. ರಸ್ತೆಯಲ್ಲಿ ನೈಟ್ರೋಜನ್ ಆಕ್ಸೈಡುಗಳು ಮಿತಿಯ 40 ಪಟ್ಟಿನವರೆಗೂ ಹೊರಬೀಳುತ್ತಿದ್ದವು. 2015ರ ಸೆಪ್ಟೆಂಬರಿನಲ್ಲಿ ಇದು ಬಯಲಾಯಿತು. ಜಗತ್ತಿನಾದ್ಯಂತ ಸುಮಾರು 1 ಕೋಟಿ 10 ಲಕ್ಷ ವಾಹನಗಳಲ್ಲಿ ಅಂಥ ತಂತ್ರಾಂಶವಿರುವುದನ್ನು ಕಂಪನಿಯೇ ಒಪ್ಪಿಕೊಂಡಿತು. 2017ರಲ್ಲಿ ಅದರ ಇಂಜಿನಿಯರೊಬ್ಬರಿಗೆ ಅಮೆರಿಕದ ನ್ಯಾಯಾಲಯವು 40 ತಿಂಗಳ ಸೆರೆವಾಸ ವಿಧಿಸಿತು. ಇಲ್ಲಿ ಯಂತ್ರ ತಪ್ಪಲಿಲ್ಲ. ಮನುಷ್ಯರು ತಿಳಿದೂ ಬರೆದ ಆದೇಶವನ್ನು ಅದು ನಡೆಸಿತು.

ಪರೀಕ್ಷಕನ ಮುಂದೆ ಒಂದು ನಡೆ, ಅವನ ಬೆನ್ನ ಹಿಂದೆ ಇನ್ನೊಂದು ನಡೆ: ಶರಣರು ಅತಿಯಾಗಿ ಹೇಸಿದ್ದು ಇದಕ್ಕೇ ಅಲ್ಲವೆ?

ಆದಕಾರಣ ತರುಣಮಿತ್ರರೇ, ನಿಮ್ಮ ಕಾಯಕಕ್ಕೆ ಸಂಬಂಧಿಸಿದ ಕಟ್ಟಳೆಗಳನ್ನು ಓದಿ ತಿಳಿದು ಪಾಲಿಸಿರಿ. ನೀವು ಬರೆದುದನ್ನು ಪರರ ಪರಿಶೀಲನೆಗೆ ಒಪ್ಪಿಸಲು ಸಂಕೋಚಪಡದಿರಿ. ದೂರು ಬಂದಾಗ 'ಅಸಾಧ್ಯ'ವೆನ್ನುವ ಮೊದಲು ಹೇಗರ್ ಅವರಂತೆ ಕುಳಿತು ನೋಡಿರಿ. ವಂಚನೆಯ ಆದೇಶವನ್ನು ಬರೆಯಲು ಹೇಳಿದವರಿಗೆ 'ಒಲ್ಲೆ'ನೆನ್ನುವ ಧೈರ್ಯವನ್ನು ಬೆಳೆಸಿಕೊಳ್ಳಿರಿ. ನಿಮ್ಮ ಬರಹವನ್ನು ನಂಬಿ ಯಂತ್ರದ ಕೆಳಗೆ ಮಲಗುವವರು ನಿಮ್ಮನ್ನು ಕಂಡವರಲ್ಲ. ಆದರೂ ಅವರ ಪ್ರಾಣವು ನಿಮ್ಮ ಕೈಯಲ್ಲಿದೆ.