ಐದು ವರ್ಷದ ರಾಜಕುಮಾರಿಯ ಅಗಲ ಲಂಗ

ಮೊನ್ನೆ ಅಣ್ಣನ ಮಗಳ ಆರನೇ ಹುಟ್ಟುಹಬ್ಬಕ್ಕೆ ಬಟ್ಟೆ ತರೋಣ ಅಂತ ಅಂಗಡಿಗೆ ಹೋಗಿದ್ದೆ. ಆರು ವರ್ಷದವರ ಸಾಲಿನಲ್ಲಿ ನೇತುಹಾಕಿದ್ದನ್ನು ನೋಡಿ ಸ್ವಲ್ಪ ಹೊತ್ತು ಸುಮ್ಮನೆ ನಿಂತುಬಿಟ್ಟೆ. ಭುಜವೇ ಇಲ್ಲದ ಟಾಪು, ಎದೆಯ ಹತ್ತಿರ ಏನೋ ತುಂಬಿ ಉಬ್ಬಿಸಿದ ಗೌನು, ಪಕ್ಕದಲ್ಲಿ ಪುಟಾಣಿ ಹೈಹೀಲ್ಡ್ ಚಪ್ಪಲಿ. ಇಪ್ಪತ್ತೈದು ವರ್ಷದವರ ಬಟ್ಟೆಯನ್ನೇ ಬಿಸಿನೀರಿಗೆ ಹಾಕಿ ಕುಗ್ಗಿಸಿದ ಹಾಗಿತ್ತು. "ಈಗ ಇದೇ ಸಾರ್ ಓಡ್ತಿರೋದು" ಅಂದಳು ಅಂಗಡಿಯ ಹುಡುಗಿ. ನಾನು ಬರಿಗೈಯಲ್ಲಿ ವಾಪಸ್ ಬಂದೆ. ಮನೆಗೆ ಬಂದು ಎಲ್ಲ ಮಧ್ಯವಯಸ್ಕರೂ ಹೇಳುವ ಮಾತನ್ನೇ ಹೇಳಿದೆ: "ಕಾಲ ಕೆಟ್ಟೋಯ್ತು. ಹಿಂದೆಲ್ಲಾ ಹೀಗಿರಲಿಲ್ಲ."

ಹೇಳಿದ ಮೇಲೆ ಅನುಮಾನ ಬಂತು. ಹಿಂದೆ ಅಂದ್ರೆ ಎಷ್ಟು ಹಿಂದೆ? ಇತಿಹಾಸ ಓದುವ ಚಟ ಇರುವವರಿಗೆ ಇದೊಂದು ಕಷ್ಟ ನೋಡಿ, ನೆಮ್ಮದಿಯಾಗಿ ಗೊಣಗಲೂ ಆಗುವುದಿಲ್ಲ. ಆವತ್ತು ರಾತ್ರಿ ನನಗೆ ಪದೇಪದೇ ನೆನಪಾಗಿದ್ದು ಒಂದು ಚಿತ್ರ.

ಸ್ಪೇನಿನ ವೆಲಾಸ್ಕೆಸ್ 1656ರಲ್ಲಿ ಬರೆದ 'ಲಾಸ್ ಮೆನಿನಾಸ್'. ಮ್ಯಾಡ್ರಿಡ್ಡಿನ ಪ್ರಾಡೊ ಮ್ಯೂಸಿಯಮ್ಮಿನಲ್ಲಿದೆ, ನೀವೂ ಎಲ್ಲಾದರೂ ನೋಡಿರುತ್ತೀರಿ. ನಡುವೆ ಬಂಗಾರದ ಕೂದಲಿನ ಒಂದು ಮಗು, ರಾಜ ನಾಲ್ಕನೇ ಫಿಲಿಪ್‌ನ ಮಗಳು ಮಾರ್ಗರಿಟಾ. ವಯಸ್ಸು ಐದು. ಬಿಗಿಯಾದ ರವಿಕೆ, ಸೊಂಟದಿಂದ ಕೆಳಗೆ ಎರಡೂ ಪಕ್ಕಕ್ಕೆ ಮೇಜಿನ ಹಾಗೆ ಚಾಚಿಕೊಂಡ ಲಂಗ. ಒಬ್ಬ ಸಖಿ ಮಂಡಿಯೂರಿ ಅವಳ ಕೈಗೇ ಪುಟ್ಟ ಕೆಂಪು ಹೂಜಿ ಕೊಡುತ್ತಿದ್ದಾಳೆ. ಆ ಲಂಗ ಹಾಕಿಕೊಂಡು ಬಗ್ಗಿ ಏನನ್ನಾದರೂ ಎತ್ತಿಕೊಳ್ಳುವುದು ಸುಲಭವೇನಲ್ಲ.

ಆ ಲಂಗದೊಳಗಿನ ಚೌಕಟ್ಟಿಗೆ ಗ್ವಾರ್ದಾಇನ್‌ಫಾಂತೆ ಅಂತ ಹೆಸರು. ಶಿಶುರಕ್ಷಕ ಅಂತ ಅರ್ಥ ಮಾಡಬಹುದು. ಗುಟ್ಟಿನ ಬಸಿರನ್ನು ಮುಚ್ಚಿಡಲು ಇದು ಒಳ್ಳೆ ಉಪಾಯ ಅಂತ ಆಗಿನ ಜನ ಆಡಿಕೊಳ್ಳುತ್ತಿದ್ದರು. ತಮಾಷೆ ಅಂದ್ರೆ, 1639ರಲ್ಲಿ ಇದೇ ಫಿಲಿಪ್ ದೊರೆ ವೇಶ್ಯೆಯರನ್ನು ಬಿಟ್ಟು ಇನ್ಯಾವ ಹೆಂಗಸೂ ಇದನ್ನು ತೊಡಬಾರದು ಅಂತ ಕಾನೂನು ಮಾಡಿದ್ದ. ಯಾರೂ ಕೇಳಲಿಲ್ಲ. ಹದಿನೇಳು ವರ್ಷದ ಮೇಲೆ ಅವನ ಐದು ವರ್ಷದ ಮಗಳೇ ಅದನ್ನು ತೊಟ್ಟು ಚಿತ್ರಕ್ಕೆ ನಿಂತಿದ್ದಾಳೆ! ವಯಸ್ಸಿಗೆ ಮೀರಿದ ಬಟ್ಟೆ ಅಂದ್ರೆ ಇದಕ್ಕಿಂತ ಇನ್ನೇನು ಬೇಕು?

ಮಾರ್ಗರಿಟಾಳ ಇನ್ನೂ ಮೂರು ಚಿತ್ರಗಳು ವಿಯೆನ್ನಾದಲ್ಲಿವೆ. ಎಲ್ಲವೂ ವೆಲಾಸ್ಕೆಸ್‌ನವೇ. ಗುಲಾಬಿ ಗೌನಿನಲ್ಲಿ ಎರಡು ಮೂರು ವರ್ಷದವಳು, ಬಿಳಿ ಗೌನಿನಲ್ಲಿ ಐದು, ನೀಲಿ ಗೌನಿನಲ್ಲಿ ಎಂಟು. ಸ್ಪೇನಿನ ಹುಡುಗಿಯ ಚಿತ್ರಗಳು ವಿಯೆನ್ನಾಗೆ ಯಾಕೆ ಹೋದವು? ಅಲ್ಲಿ ಗಂಡು ಇದ್ದ. ಚಕ್ರವರ್ತಿ ಒಂದನೇ ಲಿಯೊಪೋಲ್ಡ್, ಅವಳ ಸ್ವಂತ ಸೋದರಮಾವ. (ಸೋದರಮಾವನ ಮದುವೆ ನಮ್ಮಲ್ಲಿ ಮಾತ್ರ ಅಂದುಕೊಂಡಿದ್ದೀರಾ?) ಹುಡುಗಿ ಹೇಗೆ ಬೆಳೀತಿದ್ದಾಳೆ ಅಂತ ತೋರಿಸಲು ಚಿತ್ರ ಬರೆಸಿ ಕಳಿಸುತ್ತಿದ್ದರು. 1666ರಲ್ಲಿ, ಹದಿನೈದನೇ ವಯಸ್ಸಿಗೆ ಮದುವೆಯಾಯಿತು. ಮೇಲಿಂದ ಮೇಲೆ ಬಸಿರು, ಬಾಣಂತನ. 1673ರಲ್ಲಿ ಸತ್ತಾಗ ಅವಳಿಗೆ ಇಪ್ಪತ್ತೊಂದು ವರ್ಷ.

ಇದು ಗೊತ್ತಾದ ಮೇಲೆ ಆ ಲಂಗವನ್ನು ಬರೀ ಫ್ಯಾಷನ್ ಅಂತ ನೋಡಲು ನನಗೆ ಆಗಿಲ್ಲ. ಮಗುವಿಗೆ ದೊಡ್ಡವರ ಬಟ್ಟೆ ಹಾಕಿದ್ದು ಮಗುವಿಗೆ ಬೇಕು ಅಂತಲ್ಲ. ಅವಳು ದೊಡ್ಡವಳಾಗುವುದನ್ನೇ ಕಾಯುತ್ತಿದ್ದವರು ಬೇರೆ ಇದ್ದರು.

ಫ್ರಾನ್ಸಿನ ಇತಿಹಾಸಕಾರ ಫಿಲಿಪ್ ಆರಿಯೆಸ್ 1960ರಲ್ಲಿ ಬಾಲ್ಯದ ಇತಿಹಾಸದ ಬಗ್ಗೆ ಒಂದು ಪ್ರಸಿದ್ಧ ಪುಸ್ತಕ ಬರೆದ. ಹಳೇ ಚಿತ್ರಗಳಲ್ಲಿ ಮಕ್ಕಳು ಸಣ್ಣ ಅಳತೆಯ ದೊಡ್ಡವರ ಹಾಗೆ ಕಾಣುವುದನ್ನು ಹಿಡಿದು, ಮಧ್ಯಯುಗದ ಯೂರೋಪಿನಲ್ಲಿ ಬಾಲ್ಯ ಅನ್ನುವ ಕಲ್ಪನೆಯೇ ಇರಲಿಲ್ಲ ಅಂತ ವಾದಿಸಿದ. ಅದು ಅತಿಯಾಯಿತು, ಆಗಲೂ ಮಕ್ಕಳಿಗೆ ಆಟಿಕೆ ಇತ್ತು, ಮುದ್ದು ಇತ್ತು ಅಂತ ಆಮೇಲಿನವರು ತೋರಿಸಿಕೊಟ್ಟರು. ಆದರೆ ಬಟ್ಟೆಯ ಮಟ್ಟಿಗೆ ಅವನ ಮಾತಿನಲ್ಲಿ ಹುರುಳಿದೆ. ಹುಟ್ಟಿದ ಕೂಸನ್ನು ಬಟ್ಟೆಯ ಪಟ್ಟಿಯಿಂದ ಬಿಗಿಯಾಗಿ ಸುತ್ತಿಡುವುದು, ಕೆಲವು ವರ್ಷ ಗಂಡು ಹೆಣ್ಣು ಎರಡಕ್ಕೂ ಉದ್ದ ಲಂಗ, ಆಮೇಲೆ ಸೀದಾ ಅಪ್ಪ ಅಮ್ಮನ ಬಟ್ಟೆಯ ಸಣ್ಣ ನಕಲು. ಸಿರಿವಂತರ ಮನೆಯ ಹೆಣ್ಣುಮಕ್ಕಳಿಗಂತೂ ಎಳವೆಯಿಂದಲೇ ಗಟ್ಟಿ ಕಡ್ಡಿಗಳನ್ನು ಹೊಲಿದ ರವಿಕೆ. ಮೈ ನೆಟ್ಟಗೆ ಬೆಳೆಯಲಿ ಅಂತ!

ಇದಕ್ಕೆ ಮೊದಲು ಜೋರಾಗಿ ತಕರಾರು ತೆಗೆದವರಲ್ಲಿ ಒಬ್ಬ ಇಂಗ್ಲೆಂಡಿನ ಜಾನ್ ಲಾಕ್. ತತ್ವಜ್ಞಾನಿ ಅಂತ ನಮಗೆ ಗೊತ್ತು, ಅವನು ವೈದ್ಯಕೀಯವನ್ನೂ ಓದಿದ್ದ. ಶಿಕ್ಷಣದ ಬಗ್ಗೆ 1693ರಲ್ಲಿ ಬಂದ ಪುಸ್ತಕದಲ್ಲಿ, ಬಿಗಿ ರವಿಕೆ ಮಗುವಿನ ಎದೆಯನ್ನೂ ಉಸಿರನ್ನೂ ಕೆಡಿಸುತ್ತದೆ, ಮೈಯನ್ನು ಪ್ರಕೃತಿಗೇ ಬಿಡಿ ಅಂತ ಬರೆದ. ಚೀನಾದ ಹೆಂಗಸರ ಕಾಲು ಕಟ್ಟುವ ಪದ್ಧತಿಯನ್ನೂ ಅಲ್ಲೇ ಉದಾಹರಣೆಗೆ ತಂದ. 1762ರಲ್ಲಿ ರೂಸೋನ 'ಎಮಿಲ್' ಬಂತು. ಅವನೂ ಬಿಗಿಯಾಗಿ ಸುತ್ತುವುದನ್ನು, ಇರುಕು ಬಟ್ಟೆಯನ್ನು ಬೈದ. ಮಗು ಓಡಬೇಕು, ಬೀಳಬೇಕು, ಏಳಬೇಕು ಅನ್ನುವುದು ಅವನ ಮಾತಿನ ಸಾರ. (ತನ್ನ ಐದು ಮಕ್ಕಳನ್ನೂ ಅನಾಥಾಲಯಕ್ಕೆ ಬಿಟ್ಟಿದ್ದನ್ನು ಈ ಮಹಾಶಯ ಆಮೇಲೆ ತಾನೇ ಬರೆದುಕೊಂಡ. ಇರಲಿ..)

ಬರೀ ಪುಸ್ತಕದಿಂದ ಬಟ್ಟೆ ಬದಲಾಗುತ್ತದೆ ಅಂತ ನಾನು ಹೇಳಲ್ಲ. ಆದರೆ 1780ರ ಹೊತ್ತಿಗೆ ಇಂಗ್ಲೆಂಡ್, ಫ್ರಾನ್ಸ್‌ನಲ್ಲಿ ಮಕ್ಕಳಿಗೇ ಅಂತ ಬೇರೆ ಬಟ್ಟೆ ಕಾಣಿಸಿಕೊಂಡವು. ಹುಡುಗರಿಗೆ ಮೇಲಂಗಿಗೆ ಗುಂಡಿ ಹಾಕಿ ಸೇರಿಸಿದ ಉದ್ದ ಪ್ಯಾಂಟು. ಅಪ್ಪಂದಿರು ಇನ್ನೂ ಮಂಡಿವರೆಗಿನ ಬಿಗಿ ಚೊಣ್ಣದಲ್ಲೇ ಇದ್ದರು! ಹುಡುಗಿಯರಿಗೆ ಸೊಂಟಕ್ಕೊಂದು ಪಟ್ಟಿ ಕಟ್ಟಿದ, ಮೆತ್ತಗಿನ ಬಿಳಿ ಮಸ್ಲಿನ್ ಫ್ರಾಕು. ಮಸ್ಲಿನ್ ಅಂದ ಮೇಲೆ ಬಂಗಾಳ ಬಂದೇ ಬರುತ್ತದೆ. ನಮ್ಮ ಕಡೆಯ ಹಗುರ ಬಟ್ಟೆಯೂ ಆ ಮಕ್ಕಳ ಬಿಡುಗಡೆಗೆ ಒದಗಿತು ಅನ್ನುವುದು ನನಗೆ ಖುಷಿ ಕೊಡುವ ಸಂಗತಿ.

ಆಗ ನಡೆದದ್ದು ಇವತ್ತಿನದಕ್ಕೆ ಪೂರ್ತಿ ಉಲ್ಟಾ. ಮಕ್ಕಳ ಬಟ್ಟೆಯನ್ನೇ ದೊಡ್ಡವರು ಹಾಕಿಕೊಳ್ಳತೊಡಗಿದರು. ರಾಣಿ ಮಾರಿ ಆಂತ್ವಾನೆತ್ ಅಂಥದ್ದೇ ಸಡಿಲ ಬಿಳಿ ಮಸ್ಲಿನ್ ಉಡುಪು ತೊಟ್ಟ ಚಿತ್ರ 1783ರಲ್ಲಿ ಪ್ಯಾರಿಸ್ಸಿನ ಪ್ರದರ್ಶನಕ್ಕೆ ಬಂದಾಗ, ರಾಣಿ ಒಳಬಟ್ಟೆಯಲ್ಲಿ ನಿಂತಿದ್ದಾಳೆ ಅಂತ ಗಲಾಟೆಯಾಗಿ ಚಿತ್ರವನ್ನು ತೆಗೆಯಬೇಕಾಯಿತು. ಮುಂದೆ ಹತ್ತಿಪ್ಪತ್ತು ವರ್ಷದಲ್ಲಿ ಹೆಂಗಸರೆಲ್ಲ ಅದನ್ನೇ ಉಟ್ಟರು. ಹುಡುಗರ ಉದ್ದ ಪ್ಯಾಂಟನ್ನು ಅಪ್ಪಂದಿರೂ ಹಾಕಿದರು. ನಾವು ಇವತ್ತು ಹಾಕುವ ಪ್ಯಾಂಟು ಒಂದು ಲೆಕ್ಕದಲ್ಲಿ ಮಕ್ಕಳಿಂದ ಬಂದ ಬಳುವಳಿ.

ಈ ಸುಖ ಬಹಳ ದಿನ ಉಳಿಯಲಿಲ್ಲ. ಹತ್ತೊಂಬತ್ತನೇ ಶತಮಾನದ ಮಧ್ಯಕ್ಕೆ ಬಂದರೆ ಹುಡುಗಿಯರ ಲಂಗದೊಳಗೆ ಮತ್ತೆ ಬಳೆ ಚೌಕಟ್ಟು, ಮತ್ತೆ ಕಾರ್ಸೆಟ್. ಆದರೂ ಒಂದು ಗೆರೆ ಉಳಿದಿತ್ತು. ಸಣ್ಣವಳಿಗೆ ಲಂಗ ಮಂಡಿವರೆಗೆ, ದೊಡ್ಡವಳಾಗುತ್ತ ಇಷ್ಟಿಷ್ಟೇ ಕೆಳಗೆ. ಯಾವ ವಯಸ್ಸಿಗೆ ಎಷ್ಟು ಉದ್ದ ಅಂತ ಅಮೆರಿಕದ 'ಹಾರ್ಪರ್ಸ್ ಬಜಾರ್' ಪತ್ರಿಕೆ 1868ರಲ್ಲಿ ಚಿತ್ರ ಸಮೇತ ಪ್ರಕಟಿಸಿತ್ತು. ಹುಡುಗರೂ ತಪ್ಪಿಸಿಕೊಳ್ಳಲಿಲ್ಲ. 1886ರಲ್ಲಿ 'ಲಿಟ್ಲ್ ಲಾರ್ಡ್ ಫಾಂಟ್ಲರಾಯ್' ಕಾದಂಬರಿ ಬಂದಿದ್ದೇ ತಡ, ಅಮೆರಿಕದ ಅಮ್ಮಂದಿರು ತಮ್ಮ ಗಂಡುಮಕ್ಕಳಿಗೆ ಮಖಮಲ್ಲಿನ ಸೂಟು, ಅಗಲ ಲೇಸಿನ ಕಾಲರು ತೊಡಿಸಿ, ಕೂದಲು ಸುರುಳಿ ಮಾಡಿ ಬೀದಿಗೆ ಕಳಿಸಿದರು. ಆ ಹುಡುಗರ ಪಾಡು ನೀವೇ ಊಹಿಸಿ. ಅಲ್ಲಿ ಗಂಡು ಕಾಯುತ್ತಿರಲಿಲ್ಲ, ಬಟ್ಟೆ ತೊಡಿಸಿದ್ದು ಅಮ್ಮನ ಆಸೆಗೆ.

ಇಪ್ಪತ್ತನೇ ಶತಮಾನದಲ್ಲಿ ಬಟ್ಟೆ ತೊಡಿಸುವ ಇನ್ನೊಂದು ಕೈ ಬಂತು, ಅಂಗಡಿ. ಅಮೆರಿಕದಲ್ಲಿ 1917ರಲ್ಲಿ ಮಕ್ಕಳ ಬಟ್ಟೆ ವ್ಯಾಪಾರಿಗಳಿಗೇ ಅಂತ 'ದಿ ಇನ್‌ಫೆಂಟ್ಸ್ ಡಿಪಾರ್ಟ್‌ಮೆಂಟ್' ಅನ್ನುವ ಪತ್ರಿಕೆ ಶುರುವಾಯಿತು. 1930ರ ದಶಕದಲ್ಲಿ 'ಟಾಡ್ಲರ್' ಅನ್ನುವುದು ಒಂದು ಅಳತೆಯ ಹೆಸರಾಯಿತು. ಡೇನಿಯಲ್ ಕುಕ್ ಅನ್ನುವ ಸಮಾಜಶಾಸ್ತ್ರಜ್ಞ ಈ ಕಥೆಯನ್ನು 2004ರ ತನ್ನ ಪುಸ್ತಕದಲ್ಲಿ ವಿವರವಾಗಿ ಹೇಳಿದ್ದಾನೆ. ಬಾಲ್ಯವನ್ನು ಸಣ್ಣ ಸಣ್ಣ ಹೋಳು ಮಾಡಿದರೆ ಪ್ರತಿ ಹೋಳಿಗೂ ಬೇರೆ ಕಪಾಟು ಇಡಬಹುದು. ಮಕ್ಕಳಿಗೆ ತಮಗಿಂತ ಒಂದು ಮೆಟ್ಟಿಲು ದೊಡ್ಡವರ ಹಾಗೆ ಕಾಣುವ ಆಸೆ ಇದ್ದೇ ಇರುತ್ತದೆ. ವ್ಯಾಪಾರಕ್ಕೆ ಅಷ್ಟು ಸಾಕು.

ಅದೇ ಕಾಲದ ಶರ್ಲಿ ಟೆಂಪಲ್ ನಿಮಗೆ ಗೊತ್ತಿರಬಹುದು. ಅವಳ ಹೆಸರಿನ ಫ್ರಾಕುಗಳು ಅಮೆರಿಕದ ತುಂಬ ಮಾರಾಟವಾದವು. ಅದಕ್ಕೂ ಮೊದಲು, ಮೂರು ನಾಲ್ಕು ವರ್ಷದವಳಿದ್ದಾಗ, 'ಬೇಬಿ ಬರ್ಲೆಸ್ಕ್ಸ್' ಅನ್ನುವ ಕಿರುಚಿತ್ರಗಳಲ್ಲಿ ಅವಳಿಂದ ದೊಡ್ಡವರ ಪಾತ್ರ ಮಾಡಿಸಿದ್ದರು. ಮಕ್ಕಳಿಗೆ ಮೇಲೆ ದೊಡ್ಡವರ ವೇಷ, ಕೆಳಗೆ ದೊಡ್ಡ ಪಿನ್ ಚುಚ್ಚಿದ ಲಂಗೋಟಿ. ನೋಡಿದವರು ನಕ್ಕರು. 1988ರಲ್ಲಿ ಬರೆದ ಆತ್ಮಕಥೆಯಲ್ಲಿ ಶರ್ಲಿ, ಅದು ಮಕ್ಕಳ ಮುಗ್ಧತೆಯ ದುರುಪಯೋಗ ಅಂತಲೇ ಹೇಳಿದಳು. ಮಗುವಾಗಿದ್ದಾಗ ಹೇಳಲು ಆಗದ ಮಾತನ್ನು ಹೇಳಲು ಅರ್ಧ ಶತಮಾನ ಬೇಕಾಯಿತು.

ನಮ್ಮ ಕಾಲಕ್ಕೆ ಬರೋಣ. 2002ರಲ್ಲಿ ಅಮೆರಿಕದ ಅಬರ್‌ಕ್ರಾಂಬಿ ಕಂಪನಿ ಚೆಲ್ಲು ಮಾತು ಅಚ್ಚು ಮಾಡಿದ ಥಾಂಗ್ ಒಳಚಡ್ಡಿಗಳನ್ನು ಚಿಕ್ಕ ಹುಡುಗಿಯರ ಅಳತೆಗೆ ತಂದು ಬೈಸಿಕೊಂಡಿತು. 2007ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘ ಒಂದು ವರದಿ ತಂದಿತು. ಹುಡುಗಿಯರನ್ನು ಹೀಗೆ ನೋಟದ ವಸ್ತುವಾಗಿಸುವುದಕ್ಕೂ ಅವರಲ್ಲಿ ಕಾಣುವ ಊಟದ ತೊಂದರೆ, ಕೀಳರಿಮೆ, ಖಿನ್ನತೆಗಳಿಗೂ ನಂಟಿದೆ ಅಂದಿತು. 2010ರಲ್ಲಿ ಬ್ರಿಟನ್ನಿನ ಪ್ರೈಮಾರ್ಕ್ ಅಂಗಡಿಗಳಲ್ಲಿ ಏಳು ವರ್ಷದವರ ಅಳತೆಗೂ ಪ್ಯಾಡ್ ತುಂಬಿದ ಬಿಕಿನಿ ಇತ್ತು. ಗಲಾಟೆಯಾದ ಮೇಲೆ ವಾಪಸ್ ತೆಗೆದರು. 2011ರಲ್ಲಿ ರೆಗ್ ಬೈಲಿ ವರದಿ ಬಂತು, ಅಲ್ಲಿನ ಅಂಗಡಿಗಳ ಒಕ್ಕೂಟ ಮಕ್ಕಳ ಬಟ್ಟೆಯ ಕಟ್ಟು, ಅಚ್ಚು ಮಾಡುವ ಮಾತು ಎಲ್ಲಕ್ಕೂ ನಿಯಮ ಬರೆದುಕೊಂಡಿತು. ನಮ್ಮಲ್ಲಿ 2019ರ ಜೂನ್‌ನಲ್ಲಿ ಕೇಂದ್ರದ ಪ್ರಸಾರ ಸಚಿವಾಲಯ, ಸಿನಿಮಾದಲ್ಲಿ ದೊಡ್ಡವರು ಕುಣಿದ ಕುಣಿತವನ್ನು ರಿಯಾಲಿಟಿ ಶೋಗಳಲ್ಲಿ ಪುಟ್ಟ ಮಕ್ಕಳಿಂದ ಅಸಭ್ಯವಾಗಿ ಮಾಡಿಸಬೇಡಿ ಅಂತ ಟಿವಿ ಚಾನೆಲ್ಲುಗಳಿಗೆ ಹೇಳಬೇಕಾಯಿತು.

ಇಷ್ಟು ಓದಿ "ಎಲ್ಲಾ ಪಶ್ಚಿಮದವರಿಂದ ಬಂದ ರೋಗ" ಅಂತ ಯಾರಾದರೂ ಅಂದರೆ, ಅವರಿಗೆ ನಮ್ಮಜ್ಜಿಯ ಕಥೆ ಹೇಳಬೇಕು. ಅಜ್ಜಿಗೆ ಹನ್ನೆರಡು ತುಂಬುವ ಮೊದಲೇ ಮದುವೆ. ಆವತ್ತು ಲಂಗ ಬಿಚ್ಚಿಸಿ ಸೀರೆ ಉಡಿಸಿದರಂತೆ. "ಸೀರೆ ಉಟ್ಟ ಮೇಲೆ ಸೀಬೆಮರ ಹತ್ತಬೇಡ ಅಂದ್ರು ಕಣೋ. ಮದುವೆಗೆ ಅಳ್ಲಿಲ್ಲ ನಾನು, ಅದಕ್ಕೆ ಅತ್ತಿದ್ದೆ" ಅಂತ ಅಜ್ಜಿ ನಗುತ್ತ ಹೇಳುತ್ತಿದ್ದರು. ಚಿಕ್ಕವನಿದ್ದಾಗ ನಾನೂ ನಗುತ್ತಿದ್ದೆ. 1894ರಲ್ಲಿ ಮೈಸೂರು ಸಂಸ್ಥಾನ ಎಂಟು ವರ್ಷ ತುಂಬದ ಹುಡುಗಿಯರ ಮದುವೆ ಕೂಡದು ಅಂತ ಕಾನೂನು ಮಾಡಿತು. ಅಂಥ ಕಾನೂನು ಬೇಕಾಗಿತ್ತು ಅಂದ ಮೇಲೆ, ಎಷ್ಟು ಪುಟ್ಟ ಮೈಗಳಿಗೆ ಧಾರೆ ಸೀರೆ ಸುತ್ತಿರಬಹುದು ಯೋಚಿಸಿ. ಮೈ ಪೂರ್ತಿ ಮುಚ್ಚಿದ್ದ ಬಟ್ಟೆ ಅದು, ಮರ್ಯಾದೆಯ ಬಟ್ಟೆ. ಆದರೂ ಆ ವಯಸ್ಸಿನದಲ್ಲ. ಮಾರ್ಗರಿಟಾಳ ಲಂಗವೂ ಕಾಲಿನ ಉಗುರು ಕಾಣದಷ್ಟು ಉದ್ದವೇ ಇತ್ತು.

ಹಾಗಾಗಿ ಅಂಗಡಿಯಲ್ಲಿ ನನ್ನ ಮನಸ್ಸಿಗೆ ಬಂದ ಮೊದಲ ಅಳತೆ, ಎಷ್ಟು ಮುಚ್ಚಿದೆ ಎಷ್ಟು ಬಿಟ್ಟಿದೆ ಅನ್ನುವುದು, ಸಾಲದು ಅನ್ಸುತ್ತೆ. ಆ ಅಳತೆ ಹಿಡಿದರೆ ಕೊನೆಗೆ ಬೈಗುಳ ಬೀಳುವುದು ಆರು ವರ್ಷದ ಮಗುವಿಗೇ. "ಥೂ, ಏನೇ ಇದು, ನಾಚಿಕೆ ಆಗಲ್ವಾ" ಅಂತ. ನಾಚಿಕೆ ಅವಳಿಗ್ಯಾಕೆ? ಬಟ್ಟೆ ಕತ್ತರಿಸಿದವರು, ಮಾರಿದವರು, ಕೊಂಡವರು ಎಲ್ಲ ದೊಡ್ಡವರು. ಲಾಕ್, ರೂಸೋ ಕಾಲದಿಂದ ಇರುವ ಅಳತೆಯೇ ವಾಸಿ. ಈ ಬಟ್ಟೆಯಲ್ಲಿ ಮಗು ಓಡಬಹುದಾ, ಬಗ್ಗಬಹುದಾ, ಮರ ಹತ್ತಬಹುದಾ? ತೊಡಿಸಿದ್ದು ಯಾರ ಖುಷಿಗೆ?

ಆಮೇಲೆ ಇನ್ನೊಂದು ದಿನ ಹೋಗಿ ಹತ್ತಿಯ ಫ್ರಾಕು ತಂದೆ. ಎರಡು ಜೇಬು ಇರುವುದು, ಹುಡುಕಿ ಹುಡುಕಿ. ಅಣ್ಣನ ಮಗಳು ಒಂದು ನಿಮಿಷ ಮುಖ ಊದಿಸಿದಳು, ಅವಳಿಗೆ ಮಿಂಚುವ ಗೌನೇ ಬೇಕಿತ್ತು. ಸುಳ್ಳು ಹೇಳಬಾರದಲ್ಲ. ಅವಳ ಆಸೆಯನ್ನು ನಾನು ಬೈಯಲಿಲ್ಲ. ಸಂಜೆ ಹೊತ್ತಿಗೆ ಜೇಬಿನ ತುಂಬ ಕಲ್ಲು, ಹೊಂಗೆ ಬೀಜ ತುಂಬಿಕೊಂಡು ಬಂದಳು. ಕೇಕ್ ಕತ್ತರಿಸುವಾಗಲೂ ಅವು ಜೇಬಿನಲ್ಲೇ ಇದ್ದವು.

ನಿಮ್ಮ ಮನೆಯ ಅಜ್ಜಿಯರನ್ನೂ ಒಮ್ಮೆ ಕೇಳಿ ನೋಡಿ, ಮೊದಲ ಸೀರೆ ಉಡಿಸಿದ ದಿನ ಏನೇನು ಬೇಡ ಅಂದಿದ್ರು ಅಂತ.